ಜೇಡರ ನೂಲು, ತಾಯಂದಿರ ಒಡಲು

ನಮ್ಮ ಕನ್ನಡದಲ್ಲಿ ‘ಜೇಡ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಎಂಟು ಕಾಲಿನ ಜಂತು ಒಂದು. ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುವ ನೇಕಾರನು ಇನ್ನೊಂದು. ವಚನಕಾರರಲ್ಲಿ ಆದ್ಯನೆಂದು ಹೆಸರಾದ ದಾಸಿಮಯ್ಯನಿಗೆ ‘ಜೇಡರ ದಾಸಿಮಯ್ಯ’ ಎಂಬ ಹೆಸರು ಬಂದುದು ಅವನು ನೇಕಾರನಾಗಿದ್ದುದರಿಂದಲೇ. ನೂಲುವ ಜಂತುವಿಗೂ ನೇಯುವ ಮನುಷ್ಯನಿಗೂ ಒಂದೇ ಹೆಸರನ್ನಿಟ್ಟ ನಮ್ಮ ಹಿರಿಯರ ಕಣ್ಣು ಬಹಳ ಸೂಕ್ಷ್ಮವಾಗಿತ್ತೆಂದು ಹೇಳಬೇಕು.

ಇತ್ತೀಚಿನ ದಶಕಗಳಲ್ಲಿ ಪ್ರಪಂಚದ ಹಲವು ಪ್ರಯೋಗಶಾಲೆಗಳು ಈ ಎರಡು ಅರ್ಥಗಳನ್ನೂ ಒಂದುಗೂಡಿಸಲು ಹೊರಟಿವೆ. ಜೇಡನು ನೂತ ನೂಲನ್ನು ಮನುಷ್ಯನು ಜಾಲರಿಯಾಗಿ ನೇಯ್ದು, ಹರಿದ ನರವನ್ನು ಬೆಸೆಯಲು, ಸಡಿಲಗೊಂಡ ಒಡಲಿಗೆ ಆಸರೆ ಕೊಡಲು ಬಳಸಬಹುದೇ ಎಂಬ ಪ್ರಶ್ನೆಯನ್ನು ಶಸ್ತ್ರವೈದ್ಯರು ಕೈಗೆತ್ತಿಕೊಂಡಿರುವರು. ಇಂಥ ಸುದ್ದಿಯನ್ನು ಓದಿ ಬೆರಗಾಗುವುದು ಸುಲಭ. ಬೆರಗಿನ ಜೊತೆಗೆ ವಿವೇಚನೆಯೂ ಇರಬೇಕೆಂಬುದೇ ನಾವು ಈ ಲೇಖನವನ್ನು ಬರೆಯಲು ಕಾರಣ.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ, ಹುಮನಾಬಾದಿನಿಂದ ಪಡುವಲಿಗೆ ಹೋಗುವ ಹೆದ್ದಾರಿಯ ಮೇಲೆ ರಾಜೇಶ್ವರ ಎಂಬ ಊರಿದೆ. ಸುತ್ತಲೂ ತೊಗರಿ, ಜೋಳ, ಸೋಯಾ, ಕಬ್ಬು ಬೆಳೆಯುವ ಸೀಮೆ. ಮಳೆಗಾಲ ಮುಗಿದ ಮೇಲೆ ಬೆಳಗಿನ ಹೊತ್ತು ತೊಗರಿಯ ಹೊಲದ ಬದಿಯಲ್ಲಿ ನಿಂತು ನೋಡಿದರೆ, ಗಿಡಗಳ ನಡುವೆ ಇಬ್ಬನಿಯ ಮಣಿಗಳನ್ನು ಪೋಣಿಸಿದಂತೆ ಜೇಡರ ಬಲೆಗಳು ಮಿನುಗುತ್ತಿರುವುದು ಕಾಣುವುದು. ಅದೇ ಹೊಲದಲ್ಲಿ ಕಳೆ ಕೀಳುವವರೂ, ಹೊರೆ ಹೊರುವವರೂ ಬಹುಮಟ್ಟಿಗೆ ಹೆಂಗಸರು. ನೀರಿನ ಕೊಡ, ಕಟ್ಟಿಗೆಯ ಹೊರೆ, ಮೇವಿನ ಕಟ್ಟು ಇವೆಲ್ಲವೂ ಅವರ ತಲೆಯ ಮೇಲೆಯೇ. ಹೆತ್ತು ಕೆಲವೇ ವಾರಗಳಾಗಿರುವ ಬಾಣಂತಿಯೂ ಬಡತನದ ಒತ್ತಾಯದಿಂದ ಕೂಲಿಗೆ ಹೊರಡುವುದುಂಟು. ಈ ಬಲೆಗೂ ಈ ಬಾಣಂತಿಗೂ ಸಂಬಂಧವೇನೆಂದು ವಾಚಕರು ಕೇಳಬಹುದು. ಆ ಸಂಬಂಧವನ್ನೇ ನಾವು ಇಲ್ಲಿ ವಿಚಾರ ಮಾಡಬೇಕಾಗಿದೆ.

ಮಾತನಾಡದ ಬೇನೆ

ನಮ್ಮ ಸೊಂಟದ ಎಲುಬುಗಳು ಒಂದು ತಳವಿಲ್ಲದ ಬೋಗುಣಿಯ ಆಕಾರದಲ್ಲಿ ಕೂಡಿಕೊಂಡಿವೆ. ಈ ಬೋಗುಣಿಗೆ ಶ್ರೋಣಿ ಎಂದು ಹೆಸರು. ಅದರ ತಳವನ್ನು ಮುಚ್ಚಿರುವುದು ಎಲುಬಲ್ಲ, ಸ್ನಾಯುಗಳು ಮತ್ತು ನಾರಿನಂಥ ಬಂಧನಗಳು. ಹೊಲಕ್ಕೆ ಹೋದ ತಾಯಿ ಸೀರೆಯೊಂದನ್ನು ಮರಕ್ಕೆ ಕಟ್ಟಿ ಜೋಲಿ ಮಾಡಿ ಅದರಲ್ಲಿ ಕೂಸನ್ನು ಮಲಗಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಶ್ರೋಣಿಯ ತಳವೂ ಅಂಥದೊಂದು ಜೋಲಿಯೇ. ಮೂತ್ರಕೋಶ, ಗರ್ಭಕೋಶ, ಮಲಾಶಯಗಳು ಆ ಜೋಲಿಯ ಮೇಲೆ ಕುಳಿತಿವೆ. ಹೆರಿಗೆಯ ಕಾಲದಲ್ಲಿ ಈ ಜೋಲಿಯು ಅತಿಯಾಗಿ ಹಿಗ್ಗುವುದು; ಕೆಲವೊಮ್ಮೆ ಹರಿಯುವುದು. ಮೇಲಿಂದ ಮೇಲೆ ಹೆರಿಗೆ, ಎಳೆಯ ವಯಸ್ಸಿನ ಬಸುರು, ಭಾರ ಹೊರುವ ದುಡಿಮೆ, ಹಳೆಯ ಕೆಮ್ಮು, ಮಲಬದ್ಧತೆ, ಮುಪ್ಪು, ಇವೆಲ್ಲ ಸೇರಿದಾಗ ಜೋಲಿಯು ಸಡಿಲಗೊಂಡು ಗರ್ಭಕೋಶವಾಗಲಿ ಮೂತ್ರಕೋಶವಾಗಲಿ ಕೆಳಗೆ ಜಾರಿ ಬರುವುದು. ಇದನ್ನೇ ಗರ್ಭ ಜಾರುವುದು ಎನ್ನುವರು.

ಇದರಿಂದ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಬಾಳು ಬೇಸರವಾಗುವುದು. ಕುಳಿತರೆ ಒತ್ತು, ನಿಂತರೆ ಸೊಂಟನೋವು, ಕೆಮ್ಮಿದರೆ ಮೂತ್ರ ಸೋರುವಿಕೆ. ಇಷ್ಟಾದರೂ ಹೆಂಗಸು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಅಂಜಿಕೆ, ವೈದ್ಯನಿಗೆ ತೋರಿಸಲು ಸಂಕೋಚ. ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆ ಹುಬ್ಬೇರಿಸುವಿಕೆಯೇ ಈ ಬೇನೆಯು ಇಷ್ಟು ಕಾಲ ಮುಚ್ಚಿಹೋಗಲು ಕಾರಣವಾಯಿತೆಂಬುದು ನಮ್ಮ ಉತ್ತರ. ಹೃದಯದ ಕವಾಟದ ವಿಷಯವನ್ನು ಎಷ್ಟು ಸಹಜವಾಗಿ ಓದುವೆವೋ, ನಮ್ಮನ್ನು ಹೆತ್ತ ಒಡಲಿನ ವಿಷಯವನ್ನೂ ಅಷ್ಟೇ ಸಹಜವಾಗಿ ಓದಲು ಕಲಿಯಬೇಕು.

ಈ ಮೌನದ ಆಳವೆಷ್ಟೆಂಬುದಕ್ಕೆ ಒಂದು ನಿದರ್ಶನವಿದೆ. ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ವೈದ್ಯದಂಪತಿಗಳಾದ ರಾಣಿ ಬಂಗ್ ಮತ್ತು ಅಭಯ ಬಂಗ್ ಅವರು ಎರಡು ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ, ತಮ್ಮ ವರದಿಯನ್ನು ೧೯೮೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರಕ್ಕೆ ೯೨ ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ವೈದ್ಯರಿಂದ ಆ ಬಗೆಯ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ೮ ಮಂದಿ ಮಾತ್ರ. ಇದು ಬಡದೇಶದ ಬೇನೆ ಮಾತ್ರವೆಂದೂ ತಿಳಿಯಬಾರದು. ಅಮೆರಿಕದಲ್ಲಿ ೧೯೯೭ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ೮೦ ವರ್ಷ ತುಂಬುವುದರೊಳಗೆ ನೂರಕ್ಕೆ ಸುಮಾರು ೧೧ ಮಂದಿ ಹೆಂಗಸರು ಶ್ರೋಣಿತಳದ ದೋಷಕ್ಕಾಗಿ ಶಸ್ತ್ರಕ್ರಿಯೆಗೆ ಒಳಗಾಗಬೇಕಾಗುತ್ತದೆ. ಆ ಶಸ್ತ್ರಕ್ರಿಯೆಗಳಲ್ಲಿ ನೂರಕ್ಕೆ ೨೯ರಷ್ಟು, ಮೊದಲೊಮ್ಮೆ ಮಾಡಿದ್ದು ನಿಲ್ಲದೆ ಮತ್ತೆ ಮಾಡಿದಂಥವು.

ಈ ಕೊನೆಯ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಸವೆದ ಬಟ್ಟೆಯನ್ನು ಅದೇ ಬಟ್ಟೆಯ ಅಂಚಿಗೆ ಸೇರಿಸಿ ಹೊಲಿದರೆ ಹೊಲಿಗೆಯ ಪಕ್ಕದಲ್ಲಿಯೇ ಮತ್ತೆ ಹರಿಯುವುದು. ಅದಕ್ಕೆ ತೇಪೆ ಬೇಕು. ಶಸ್ತ್ರವೈದ್ಯರು ತೇಪೆಯನ್ನು ಹುಡುಕಿದ್ದು ಹೀಗೆ.

ಪ್ಲಾಸ್ಟಿಕ್ ಜಾಲರಿಯ ಪಾಠ

ತೇಪೆಯ ವಿಚಾರದಲ್ಲಿ ನಮ್ಮ ದೇಶದ ವೈದ್ಯರು ಹಿಂದೆ ಬಿದ್ದಿರಲಿಲ್ಲ. ಮುಂಬಯಿಯ ವಿಠ್ಠಲ ನಾಗೇಶ ಶಿರೋಡಕರರು ಜಾರಿದ ಗರ್ಭಕೋಶವನ್ನು ಕತ್ತರಿಸಿ ಎಸೆಯದೆ, ಪಟ್ಟಿಯೊಂದರಿಂದ ಎತ್ತಿ ಕಟ್ಟುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಅದೇ ನಗರದ ಪುರಂದರೆಯವರು ಹೊಟ್ಟೆಯ ಗೋಡೆಯ ನಾರುಪಟ್ಟಿಯನ್ನೇ ಇದಕ್ಕೆ ಬಳಸಿದರು. ಇನ್ನೂ ಮಕ್ಕಳಾಗಬೇಕಾದ ಎಳೆಯ ಹೆಂಗಸರಿಗೆ ಇಂಥ ಕ್ರಮಗಳು ವರವಾಗಿ ಪರಿಣಮಿಸಿದವು.

ಅತ್ತ ಅಮೆರಿಕದಲ್ಲಿ ಫ್ರಾನ್ಸಿಸ್ ಅಷರ್ ಎಂಬ ವೈದ್ಯನು ೧೯೫೦ರ ದಶಕದ ಕೊನೆಯಲ್ಲಿ ಅಂಡವಾಯುವಿನ ಶಸ್ತ್ರಕ್ರಿಯೆಗೆ ಪ್ಲಾಸ್ಟಿಕ್ ಎಳೆಯ ಜಾಲರಿಯನ್ನು ಬಳಕೆಗೆ ತಂದನು. ಹೊಟ್ಟೆಯ ಗೋಡೆಗೆ ಅದು ಚೆನ್ನಾಗಿ ಒಗ್ಗಿತು. ಮುಂದೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿ ಎಲ್ಲೆಡೆ ಹಬ್ಬಿತು. ಹೊಟ್ಟೆಗೆ ಒಗ್ಗಿದುದು ಶ್ರೋಣಿಗೂ ಒಗ್ಗೀತೆಂದು ತಯಾರಕರು ಊಹಿಸಿದರು. ೨೦೦೨ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಜಾರಿದ ಅಂಗಗಳಿಗೆ ಯೋನಿಮಾರ್ಗದಿಂದ ಜೋಡಿಸುವ ಜಾಲರಿಗೆ ಒಪ್ಪಿಗೆ ಕೊಟ್ಟಿತು. ಈ ಒಪ್ಪಿಗೆಯ ಬಗೆ ಗಮನಾರ್ಹವಾದುದು. ಹೊಸ ಜಾಲರಿಯು ಹಳೆಯ ಜಾಲರಿಯನ್ನು ಹೋಲುತ್ತದೆ ಎಂದು ತೋರಿಸಿದರೆ ಸಾಕಾಗಿತ್ತು. ಹೆಂಗಸರ ಮೇಲೆ ದೀರ್ಘಕಾಲ ಪರೀಕ್ಷಿಸಿದ ಪ್ರಮಾಣ ಬೇಕಾಗಿರಲಿಲ್ಲ.

ಆದುದೇನು? ಹೊಟ್ಟೆಯ ಗೋಡೆಯು ಗಟ್ಟಿಯಾದ, ಹೆಚ್ಚಾಗಿ ಅಲುಗಾಡದ ಪದರ. ಯೋನಿಯ ಗೋಡೆಯೋ ಮೃದುವಾದುದು, ಹಿಗ್ಗಿ ಕುಗ್ಗುವಂಥದು. ಮೆತ್ತನೆಯ ಬಟ್ಟೆಗೆ ಬಿರುಸಾದ ತಂತಿಯಿಂದ ತೇಪೆ ಹಾಕಿದರೆ ತಂತಿಯೇ ಬಟ್ಟೆಯನ್ನು ಕೊಯ್ಯುವುದು. ಜಾಲರಿಯು ಭಾರವನ್ನೆಲ್ಲ ತಾನೇ ಹೊತ್ತಾಗ ಪಕ್ಕದ ಅಂಗಾಂಶವು ಕೆಲಸವಿಲ್ಲದೆ ಕ್ಷೀಣಿಸುವುದು. ದೇಹವು ಆ ಪರಕೀಯ ವಸ್ತುವಿನ ಸುತ್ತ ಗಾಯದ ಗಂಟನ್ನು ಕಟ್ಟುವುದು. ಗಂಟು ಬಿಗಿದು ಜಾಲರಿಯು ಮುದುರುವುದು. ಅನೇಕ ಹೆಂಗಸರಲ್ಲಿ ಜಾಲರಿಯು ಅಂಗದ ಗೋಡೆಯನ್ನು ಸವೆಸಿ ಹೊರಬಂದಿತು. ಅದನ್ನು ಮರಳಿ ತೆಗೆಯುವುದು, ಗೋಡೆಯಲ್ಲಿ ಹುದುಗಿದ ಕಬ್ಬಿಣದ ಬಲೆಯನ್ನು ಗೋಡೆ ಕೆಡದಂತೆ ಕೀಳುವಷ್ಟೇ ಕಷ್ಟ.

ಅಮೆರಿಕದ ಆಡಳಿತವು ೨೦೦೮ರಲ್ಲಿ ಎಚ್ಚರಿಕೆ ಕೊಟ್ಟಿತು. ೨೦೧೧ರಲ್ಲಿ ಅದನ್ನು ಗಡುಸು ಮಾಡಿತು. ೨೦೧೬ರಲ್ಲಿ ಈ ಜಾಲರಿಯನ್ನು ಅತ್ಯಧಿಕ ಅಪಾಯದ ವರ್ಗಕ್ಕೆ ಸೇರಿಸಿತು. ೨೦೧೯ರ ಏಪ್ರಿಲ್‌ನಲ್ಲಿ ಮಾರಾಟವನ್ನೇ ನಿಲ್ಲಿಸುವಂತೆ ತಯಾರಕರಿಗೆ ಆಜ್ಞಾಪಿಸಿತು. ಬ್ರಿಟನ್ನಿನಲ್ಲಿ ೨೦೧೮ರಲ್ಲಿ ಇದರ ಬಳಕೆಗೆ ತಡೆಯೊಡ್ಡಲಾಯಿತು. ೨೦೨೦ರಲ್ಲಿ ಬ್ಯಾರನೆಸ್ ಕಂಬರ್ಲೆಜ್ ಅವರ ಅಧ್ಯಕ್ಷತೆಯ ಸಮಿತಿಯು, ನೋವನ್ನು ಹೇಳಿಕೊಂಡ ಹೆಂಗಸರ ಮಾತಿಗೆ ವೈದ್ಯಲೋಕವು ಕಿವಿಗೊಡಲಿಲ್ಲವೆಂದು ಸ್ಪಷ್ಟವಾಗಿ ವರದಿ ಮಾಡಿತು. ಅಕ್ಷರ ಬಲ್ಲ, ವಕೀಲರನ್ನು ನೇಮಿಸಿಕೊಳ್ಳಬಲ್ಲ ಹೆಂಗಸರ ಮಾತೇ ಹದಿನೈದು ವರುಷ ಕೇಳಿಸದೆ ಹೋದರೆ, ರಾಜೇಶ್ವರದ ಕೂಲಿಹೆಂಗಸಿನ ಮಾತು ಎಷ್ಟು ವರುಷಕ್ಕೆ ಕೇಳಿಸೀತು?

ಜೇಡನ ಕಾರ್ಖಾನೆ

ಪ್ಲಾಸ್ಟಿಕ್ಕಿನ ಈ ಸೋಲಿನ ಬಳಿಕ ಮೃದುವಾದ, ಬಲವಾದ, ದೇಹವು ಸಹಿಸಿಕೊಳ್ಳುವಂಥ, ಕಾಲಕ್ರಮದಲ್ಲಿ ಕರಗಿ ದೇಹದ ಸ್ವಂತ ಅಂಗಾಂಶಕ್ಕೆ ಜಾಗ ಬಿಟ್ಟುಕೊಡುವಂಥ ವಸ್ತುವಿನ ಹುಡುಕಾಟ ಬಲವಾಯಿತು. ಆಗ ಸಂಶೋಧಕರ ದೃಷ್ಟಿಯು ಜೇಡನ ಕಡೆಗೂ ಹೊರಳಿತು.

ಬಲೆ ನೇಯುವ ಜೇಡನ ಹೊಟ್ಟೆಯಲ್ಲಿ ಏಳು ಬಗೆಯವರೆಗೆ ನೂಲಿನ ಗ್ರಂಥಿಗಳಿರುತ್ತವೆ. ಬಲೆಯ ಚೌಕಟ್ಟಿಗೆ ಒಂದು ನೂಲು, ಬೇಟೆಯನ್ನು ಹಿಡಿಯುವ ಸುರುಳಿಗೆ ಇನ್ನೊಂದು, ಮೊಟ್ಟೆಯ ಚೀಲಕ್ಕೆ ಮತ್ತೊಂದು. ಇವುಗಳಲ್ಲಿ ಜೇಡನು ಇಳಿಬೀಳುವಾಗ ತನ್ನ ಜೀವಕ್ಕೆ ಹಗ್ಗವಾಗಿ ಬಿಡುವ ನೂಲೇ ಅತ್ಯಂತ ಗಟ್ಟಿಯಾದುದು. ‘ಜೇಡರ ನೂಲು ಉಕ್ಕಿಗಿಂತ ಐದು ಪಟ್ಟು ಗಟ್ಟಿ’ ಎಂಬ ಮಾತನ್ನು ವಿದ್ಯಾರ್ಥಿಗಳು ಕೇಳಿರಬಹುದು. ಅದನ್ನು ಹಾಗೆಯೇ ನಂಬದೆ ಲೆಕ್ಕ ಹಾಕಿ ನೋಡೋಣ. ಈ ನೂಲಿನ ಎಳೆತದ ಬಲ ಸುಮಾರು ೧.೧ ಗಿಗಾಪಾಸ್ಕಲ್, ಉತ್ತಮ ಉಕ್ಕಿನದು ಸುಮಾರು ೧.೫. ಎಂದರೆ ಸಮಾನ ದಪ್ಪದಲ್ಲಿ ಉಕ್ಕೇ ಗಟ್ಟಿ. ಆದರೆ ನೂಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು ೧.೩ ಗ್ರಾಂ, ಉಕ್ಕಿನದು ೭.೮. ಆದುದರಿಂದ ಸಮಾನ ತೂಕದಲ್ಲಿ ನೂಲು ನಾಲ್ಕು ಪಟ್ಟಿಗೂ ಹೆಚ್ಚು ಗಟ್ಟಿ. ಇದರ ನಿಜವಾದ ಹಿರಿಮೆ ಬೇರೊಂದರಲ್ಲಿದೆ. ಹರಿಯುವ ಮುನ್ನ ಅದು ತನ್ನ ಉದ್ದದ ಕಾಲುಭಾಗಕ್ಕೂ ಮಿಕ್ಕಿ ಹಿಗ್ಗುವುದು. ಹಾಗೆ ಹಿಗ್ಗುತ್ತ ಅದು ಹೀರಿಕೊಳ್ಳುವ ಶಕ್ತಿಯು ಸಮಾನ ಗಾತ್ರದ ಉಕ್ಕಿಗಿಂತ ಸುಮಾರು ೨೫ ಪಟ್ಟು, ಕೆವ್ಲಾರ್ ಎಂಬ ಕೃತಕ ನಾರಿಗಿಂತ ಮೂರು ಪಟ್ಟು ಹೆಚ್ಚು.

ಈ ಗುಣವೆಲ್ಲ ಬಂದುದು ಪ್ರೋಟೀನಿನ ರಚನೆಯಿಂದ. ನೂಲಿನ ಪ್ರೋಟೀನಿನಲ್ಲಿ ಅಲನೀನ್ ಎಂಬ ಅಮೈನೋ ಆಮ್ಲದ ಸಾಲುಗಳು ಒಂದರ ಮೇಲೊಂದು ಒತ್ತಾಗಿ ಕೂಡಿ ಪುಟ್ಟ ಹರಳುಗಳಾಗುತ್ತವೆ. ಅವು ಬಲವನ್ನು ಕೊಡುತ್ತವೆ. ಹರಳುಗಳ ನಡುವೆ ಗ್ಲೈಸೀನ್ ಹೆಚ್ಚಾಗಿರುವ ಸಡಿಲ ಭಾಗಗಳಿವೆ. ಅವು ಹಿಗ್ಗುವ ಗುಣವನ್ನು ಕೊಡುತ್ತವೆ. ಗ್ರಂಥಿಯೊಳಗೆ ಈ ಪ್ರೋಟೀನು ನೀರಿನಲ್ಲಿ ಕರಗಿದ ಮಂದದ್ರವವಾಗಿರುವುದು. ಕಿರಿದಾದ ನಾಳದಲ್ಲಿ ಹರಿಯುವಾಗ ಆಮ್ಲತೆಯು ಹೆಚ್ಚಿ, ಲವಣಗಳು ಬದಲಾಗಿ, ಎಳೆತಕ್ಕೆ ಸಿಕ್ಕಿ ಅದು ಕ್ಷಣಮಾತ್ರದಲ್ಲಿ ಘನವಾದ ಎಳೆಯಾಗುವುದು. ಕುದಿಸುವ ಕಡಾಯಿಯಿಲ್ಲ, ವಿಷದ ದ್ರಾವಕವಿಲ್ಲ, ಹೊಗೆಯ ಕೊಳವೆಯಿಲ್ಲ. ಮನುಷ್ಯನ ಯಾವ ಕಾರ್ಖಾನೆಯೂ ಇಷ್ಟು ಶುಚಿಯಾಗಿ ಇಷ್ಟು ಗಟ್ಟಿಯಾದ ನಾರನ್ನು ಮಾಡುವುದಿಲ್ಲ.

ಇಂಥ ನೂಲು ದೇಹದೊಳಗೆ ಹೇಗೆ ವರ್ತಿಸೀತು? ಜರ್ಮನಿಯ ಹ್ಯಾನೋವರ್ ವೈದ್ಯಕೀಯ ವಿದ್ಯಾಲಯದಲ್ಲಿ ಇದರ ಪರೀಕ್ಷೆಗಳು ನಡೆದಿವೆ. ಕುರಿಗಳ ಕಾಲಿನ ನರದಲ್ಲಿ ೬ ಸೆಂಟಿಮೀಟರ್ ಉದ್ದದ ತೆರವನ್ನು ಜೇಡರ ನೂಲನ್ನು ತುಂಬಿದ ರಕ್ತನಾಳದಿಂದ ಜೋಡಿಸಿದಾಗ ನರದ ಎಳೆಗಳು ಅದನ್ನು ಹಿಡಿದು ಬೆಳೆದುವೆಂದು ೨೦೧೧ರಲ್ಲಿ ವರದಿಯಾಯಿತು. ೨೦೧೪ರಲ್ಲಿ, ಜೇಡರ ನೂಲಿನಿಂದ ನೇಯ್ದ ಜಾಲರಿಯನ್ನು ಇಲಿಗಳ ಹೊಟ್ಟೆಯ ಗೋಡೆಗೆ ತೇಪೆಯಾಗಿ ಹಾಕಿ ನೋಡಿದ ವರದಿ ಬಂದಿತು. ದೇಹವು ಅದನ್ನು ಸಹಿಸಿಕೊಂಡು, ಅದರ ಮೇಲೆ ತನ್ನ ಅಂಗಾಂಶವನ್ನು ಬೆಳೆಸಿತು. ಶ್ರೋಣಿತಳದ ತೇಪೆಗೂ ಇದು ಒದಗೀತೆಂಬ ಆಸೆ ಮೂಡಿರುವುದು ಇಂಥ ಪರೀಕ್ಷೆಗಳಿಂದಲೇ.

ಆಸೆಯೂ ಅಡ್ಡಿಯೂ

ಆದರೆ ಆಸೆಯನ್ನು ಸಿದ್ಧಿಯೆಂದು ಭ್ರಮಿಸಬಾರದು. ಮೊದಲನೆಯ ಅಡ್ಡಿ ನೂಲನ್ನು ಸಂಪಾದಿಸುವುದು. ರೇಷ್ಮೆಹುಳುವನ್ನು ತಟ್ಟೆಯಲ್ಲಿ ಸಾವಿರಗಟ್ಟಲೆ ಸಾಕಬಹುದು. ಜೇಡಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಫ್ರಾನ್ಸಿನಲ್ಲಿ ೧೮ನೆಯ ಶತಮಾನದ ಆರಂಭದಲ್ಲಿ ಬಾನ್ ಎಂಬವನು ಜೇಡರ ನೂಲಿನಿಂದ ಕಾಲುಚೀಲ, ಕೈಚೀಲಗಳನ್ನು ಮಾಡಿಸಿ ತೋರಿಸಿದ್ದನು. ಅದನ್ನು ವಿಚಾರಿಸಿದ ವಿಜ್ಞಾನಿ ರೊಮ್ಯೂರ್, ಇದು ಲಾಭದ ಕಸುಬಲ್ಲವೆಂದು ತೀರ್ಮಾನಿಸಿದನು. ಮುನ್ನೂರು ವರ್ಷಗಳ ಮೇಲೆ, ೨೦೦೯ರಲ್ಲಿ, ಮಡಗಾಸ್ಕರಿನಲ್ಲಿ ಒಂದು ಹೊದಿಕೆಯನ್ನು ನೇಯಲು ಹತ್ತು ಲಕ್ಷಕ್ಕೂ ಮಿಕ್ಕಿದ ಜೇಡಗಳಿಂದ ನೂಲು ತೆಗೆಯಬೇಕಾಯಿತು. ರೊಮ್ಯೂರನ ತೀರ್ಮಾನ ಸುಳ್ಳಾಗಲಿಲ್ಲ.

ಆದ ಕಾರಣ ವಿಜ್ಞಾನಿಗಳು ಜೇಡನನ್ನು ಬಿಟ್ಟು ಜೇಡನ ಜೀನನ್ನು ಹಿಡಿದರು. ೧೯೯೦ರಲ್ಲಿ ಅಮೆರಿಕದ ರ‍್ಯಾಂಡಿ ಲೂಯಿಸ್ ಮತ್ತು ಅವರ ಸಹೋದ್ಯೋಗಿಯು ನೂಲಿನ ಪ್ರೋಟೀನಿನ ಜೀನಿನ ಒಂದು ಭಾಗವನ್ನು ಓದಿ ಪ್ರಕಟಿಸಿದರು. ಆಮೇಲೆ ಆ ಜೀನನ್ನು ಬ್ಯಾಕ್ಟೀರಿಯದಲ್ಲಿಟ್ಟರು, ಆಡಿನ ಹಾಲಿನಲ್ಲಿ ಬರುವಂತೆ ಮಾಡಿದರು, ರೇಷ್ಮೆಹುಳುವಿನಲ್ಲಿಯೂ ಸೇರಿಸಿದರು. ಬ್ಯಾಕ್ಟೀರಿಯದಿಂದ ಬಂದ ಪ್ರೋಟೀನು ಬಹುತೇಕ ಮೂಲಕ್ಕಿಂತ ಗಿಡ್ಡ; ಅದರಿಂದ ನೂತ ಎಳೆಯ ಬಲವೂ ಕಡಮೆ. ಅದರೊಡನೆ ಬ್ಯಾಕ್ಟೀರಿಯದ ಜ್ವರಕಾರಕ ವಸ್ತುವಿನ ಲೇಶವೂ ಉಳಿಯದಂತೆ ತೊಳೆಯಬೇಕು. ೨೦೨೩ರಲ್ಲಿ ಚೀನಾದ ಸಂಶೋಧಕರು ಜೀನನ್ನು ತಿದ್ದಿದ ರೇಷ್ಮೆಹುಳುಗಳಿಂದ ಜೇಡರ ಪ್ರೋಟೀನಿನ ನೂಲನ್ನು ಪಡೆದುದಾಗಿ ಪ್ರಕಟಿಸಿರುವುದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ.

ಎರಡನೆಯ ಅಡ್ಡಿಯು ನೂಲಿನ ಗುಣದಲ್ಲಿಯೇ ಇದೆ. ಈ ನೂಲು ಒದ್ದೆಯಾದರೆ ತನ್ನ ಉದ್ದದ ಅರ್ಧದವರೆಗೂ ಕುಗ್ಗಬಲ್ಲುದು. ಆಗ ಅದರ ಬಿರುಸು ಹೋಗಿ ರಬ್ಬರಿನ ಸ್ವಭಾವ ಬರುವುದು. ಮನುಷ್ಯನ ದೇಹವೋ ಸದಾ ಒದ್ದೆ. ಒಣನೂಲಿನ ಅಂಕಿಗಳನ್ನು ನಂಬಿ ಒದ್ದೆಯ ಒಡಲಿಗೆ ತೇಪೆ ಹಾಕಿದರೆ, ಹೊಟ್ಟೆಯ ಜಾಲರಿಯನ್ನು ಶ್ರೋಣಿಗೆ ಹೊಲಿದ ತಪ್ಪನ್ನೇ ಮತ್ತೊಮ್ಮೆ ಮಾಡಿದಂತಾಗುವುದು. ಮೂರನೆಯದಾಗಿ, ನೂಲು ಕರಗುವ ವೇಗ. ಅಂಗಾಂಶ ಬೆಳೆಯುವ ಮುನ್ನವೇ ಕರಗಿದರೆ ತೇಪೆ ಜಾರುವುದು; ಕರಗದೆ ಉಳಿದರೆ ಪ್ಲಾಸ್ಟಿಕ್ಕಿನ ದಾರಿಯೇ ಆಗುವುದು.

ನಾಲ್ಕನೆಯದು ಪರೀಕ್ಷೆಯ ಪ್ರಾಣಿಯ ವಿಚಾರ. ಇಲಿಯು ನಾಲ್ಕು ಕಾಲಿನ ಮೇಲೆ ನಡೆಯುವುದು. ಅದರ ಒಡಲಿನ ಭಾರವು ಹೊಟ್ಟೆಯ ಗೋಡೆಯ ಮೇಲೆ ಬೀಳುವುದೇ ಹೊರತು ಶ್ರೋಣಿಯ ತಳದ ಮೇಲಲ್ಲ. ನೆಟ್ಟಗೆ ನಿಂತು, ತಲೆಯ ಮೇಲೆ ಕೊಡ ಹೊತ್ತು ನಡೆಯುವ ಹೆಂಗಸಿನ ಶ್ರೋಣಿಗೆ ಇಲಿಯ ಹೊಟ್ಟೆಯು ಪ್ರಮಾಣವಾಗಲಾರದು. ಜೇಡರ ನೂಲಿನ ಜಾಲರಿಯು ಶ್ರೋಣಿತಳದ ಚಿಕಿತ್ಸೆಯಲ್ಲಿ ಇನ್ನೂ ರೂಢಿಗೆ ಬಂದಿಲ್ಲವೆಂಬುದನ್ನು, ಬರುವ ಮುನ್ನ ದಾರಿ ಬಹಳವಿದೆಯೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ನಮ್ಮ ನಾಡು ಮಾಡಬೇಕಾದುದು

ಇಲ್ಲಿ ಎರಡು ಬಗೆಯ ಆಕ್ಷೇಪಣೆಗಳನ್ನು ನಾವು ಎದುರಿಸಬೇಕಾಗಿದೆ. ಪ್ಲಾಸ್ಟಿಕ್ ಜಾಲರಿಯಿಂದ ಕೈಸುಟ್ಟುಕೊಂಡ ಮೇಲೆ ಇಂಥ ತೇಪೆಗಳ ಗೊಡವೆಯೇ ಬೇಡ ಎಂಬುದು ಒಂದು. ಹಳ್ಳಿಯ ಹೆಂಗಸಿಗೆ ಬೇಕಾದುದು ಮೊದಲು ನೀರು, ಅನ್ನ, ವಿಶ್ರಾಂತಿ. ಜೇಡರ ನೂಲು ಶ್ರೀಮಂತರ ವೈಭವ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಪೂರ್ಣಸತ್ಯವಲ್ಲ.

ಎರಡನೆಯ ಮಾತನ್ನೇ ಮೊದಲು ನೋಡೋಣ. ಬೇನೆಯನ್ನು ತಡೆಯುವ ಮಾರ್ಗಗಳು ಈಗಾಗಲೇ ತಿಳಿದಿವೆ: ಎಳೆಯ ವಯಸ್ಸಿನ ಮದುವೆಯನ್ನು ನಿಲ್ಲಿಸುವುದು, ಹೆರಿಗೆಯ ಬಳಿಕ ಭಾರ ಹೊರಿಸದಿರುವುದು, ಮನೆಯ ಬಾಗಿಲಿಗೆ ನೀರು ತರುವುದು. ಶ್ರೋಣಿತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ಆರ್ನಲ್ಡ್ ಕೀಗಲ್ ೧೯೪೮ರಲ್ಲಿಯೇ ವಿವರಿಸಿದನು. ಅದಕ್ಕೆ ಕಾಸಿನ ಖರ್ಚಿಲ್ಲ. ಜಾರಿದ ಗರ್ಭಕೋಶಕ್ಕೆ ಒಳಗಿನಿಂದ ಆಸರೆ ಕೊಡುವ ಸಿಲಿಕೋನ್ ಬಳೆಯು ಶಸ್ತ್ರವಿಲ್ಲದ ಚಿಕಿತ್ಸೆ. ಇವು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುವಂತಾಗಬೇಕು. ಇವನ್ನು ಬಿಟ್ಟು ಬರಿಯ ಜೇಡರ ನೂಲಿನ ಕನಸು ಕಾಣುವುದು, ಬುನಾದಿ ಹಾಕದೆ ಕಳಶ ಇಡುವಂತೆ.

ಇದಕ್ಕಿಂತ ಕೆಟ್ಟ ಮಾರ್ಗವೊಂದಿದೆ. ಬೇನೆ ಎಂದೊಡನೆ ಗರ್ಭಕೋಶವನ್ನೇ ಕತ್ತರಿಸಿ ತೆಗೆಯುವುದು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರಿಗೆ ಅನಾವಶ್ಯಕವಾಗಿ ಈ ಶಸ್ತ್ರಕ್ರಿಯೆ ಮಾಡಲಾಯಿತೆಂಬ ದೂರು ೨೦೧೫ರಲ್ಲಿ ನಾಡಿನ ಗಮನ ಸೆಳೆಯಿತು. ೨೦೧೯ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲಿಯೂ ಅದೇ ದೂರು ಕೇಳಿಬಂದಿತು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಜೋಲಿಯ ಹರುಕು ಕೂಡಿಕೊಳ್ಳುವುದಿಲ್ಲ. ಆಸರೆಯಿಲ್ಲದ ಯೋನಿಮಾರ್ಗದ ಮೇಲ್ತುದಿಯೇ ಮುಂದೆ ಜಾರಿ ಬರಬಹುದು. ತೇಪೆಯ ಅಗತ್ಯ ಆಗಲೂ ತಪ್ಪುವುದಿಲ್ಲ. ಆದುದರಿಂದ ಒಳ್ಳೆಯ ತೇಪೆಯು ಬಡವಳಿಗೆ ಬೇಡವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ವ್ಯಾಯಾಮಕ್ಕೂ ಬಳೆಗೂ ಮೀರಿದ ಬೇನೆಯು ಹೆಚ್ಚಾಗಿ ಇರುವುದು ಅವಳಲ್ಲಿಯೇ. ಶಸ್ತ್ರಕ್ರಿಯೆಯಾದ ಮೇಲೆ ಮತ್ತೆ ಹೊರೆ ಹೊರಬೇಕಾದವಳೂ ಅವಳೇ.

ಇನ್ನು ಮೊದಲನೆಯ ಆಕ್ಷೇಪಣೆ. ತೇಪೆ ಎಂಬ ಕಲ್ಪನೆಯೇ ತಪ್ಪೆಂದು ಪ್ಲಾಸ್ಟಿಕ್ ಜಾಲರಿಯು ತೋರಿಸಲಿಲ್ಲ. ಆತುರವು ತಪ್ಪೆಂದು ತೋರಿಸಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ವರ್ಷಗಳ ಕಾಲ ಶ್ರಮಿಸಿ, ಸೋತ ಮಾದರಿಗಳನ್ನು ಕೈಬಿಟ್ಟು, ಕೊನೆಗೆ ಸ್ವದೇಶೀ ಹೃದಯಕವಾಟವನ್ನು ೧೯೯೦ರಲ್ಲಿ ರೋಗಿಗೆ ಜೋಡಿಸಿತು. ತಾಳ್ಮೆಯಿಂದ ನಡೆದರೆ ನಮ್ಮ ದೇಶದಲ್ಲಿಯೂ ಇಂಥ ಕೆಲಸ ಆಗಬಲ್ಲುದೆಂಬುದಕ್ಕೆ ಅದೇ ಸಾಕ್ಷಿ.

ಕರ್ನಾಟಕಕ್ಕೆ ಈ ಕಾರ್ಯದಲ್ಲಿ ವಿಶೇಷ ಅನುಕೂಲಗಳಿವೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ಭಾರತಕ್ಕೆ ನಮ್ಮ ನಾಡೇ ಮುಂದು. ೧೯೪೯ರಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಬೆಂಗಳೂರಿನಲ್ಲಿದೆ. ೧೯೬೧ರಿಂದ ಮೈಸೂರಿನಲ್ಲಿ ರೇಷ್ಮೆ ಸಂಶೋಧನಾಲಯ ನಡೆಯುತ್ತಿದೆ. ಅಂಟನ್ನು ತೆಗೆದ ರೇಷ್ಮೆಯ ಎಳೆಯನ್ನು ದೇಹವು ಸಹಿಸುವುದೆಂಬುದು ಹೊಸ ಮಾತಲ್ಲ. ಶಸ್ತ್ರವೈದ್ಯರು ರೇಷ್ಮೆಯ ದಾರದಿಂದ ಬಹುಕಾಲದಿಂದ ಹೊಲಿಯುತ್ತಿದ್ದಾರೆ. ರೇಷ್ಮೆಹುಳುವಿನ ನೂಲಿನ ಶಸ್ತ್ರಚಿಕಿತ್ಸಾ ಜಾಲರಿಗೆ ಅಮೆರಿಕದಲ್ಲಿ ೨೦೦೮ರಲ್ಲಿಯೇ ಒಪ್ಪಿಗೆ ದೊರೆತಿತ್ತು. ಜೇಡರ ಪ್ರೋಟೀನನ್ನು ನೂಲುವ ಹುಳುವು ನಾಳೆ ಬೇಕಾದರೆ, ಹುಳುವನ್ನು ಬಲ್ಲ ಕೈಗಳು ನಮ್ಮಲ್ಲಿವೆ.

ಅಷ್ಟೇ ಅಲ್ಲ. ಬೀದರ ನಗರದಲ್ಲಿಯೇ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವಿದೆ. ಸರಕಾರದ ವೈದ್ಯಕೀಯ ವಿದ್ಯಾಲಯವೂ ಅಲ್ಲಿದೆ. ಹೆಣ್ಣುಕುರಿಗಳಲ್ಲಿಯೂ ಈಯುವ ಕಾಲದಲ್ಲಿ ಅಂಗ ಜಾರುವ ದೋಷ ತಾನಾಗಿಯೇ ಉಂಟಾಗುವುದನ್ನು ಕುರಿಗಾರರು ಬಲ್ಲರು. ಇಲಿಗಿಂತ ಕುರಿಯು ಈ ವಿಷಯದಲ್ಲಿ ಮನುಷ್ಯನಿಗೆ ಹತ್ತಿರ. ಮೈಸೂರಿನ ನೂಲು, ಬೀದರದ ಪಶುವೈದ್ಯರ ಪರೀಕ್ಷೆ, ಸ್ತ್ರೀವೈದ್ಯರ ಅನುಭವ, ಈ ಮೂರೂ ಕೂಡಬೇಕೆಂಬುದು ನಮ್ಮ ಸೂಚನೆ. ಬೇನೆಯಿರುವ ಕಡೆಯಲ್ಲಿಯೇ ವಿದ್ಯೆಯೂ ಬೆಳೆದರೆ ಆ ವಿದ್ಯೆಗೆ ಕಣ್ಣು ಬರುವುದು.

ಆದರೆ ಇದಕ್ಕೆ ಮೂರು ಕಟ್ಟಳೆಗಳಿರಬೇಕು. ಒಂದು, ಹೊಸ ತೇಪೆಯು ಹಳೆಯದನ್ನು ಹೋಲುತ್ತದೆಂಬ ಕಾರಣಕ್ಕೆ ಎಂದಿಗೂ ಒಪ್ಪಿಗೆ ಕೊಡಕೂಡದು. ಹೆಂಗಸರಲ್ಲಿ ವರ್ಷಗಟ್ಟಲೆ ನೋಡಿದ ಪ್ರಮಾಣವೇ ಬೇಕು. ಎರಡು, ದೇಹದೊಳಗೆ ಇಡುವ ಪ್ರತಿಯೊಂದು ತೇಪೆಗೂ ಸಂಖ್ಯೆ ಕೊಟ್ಟು, ಅದು ಯಾರಲ್ಲಿದೆ, ಹೇಗಿದೆ ಎಂಬ ದಾಖಲೆಯನ್ನು ಇಡಬೇಕು. ವೈದ್ಯಕೀಯ ಸಾಧನಗಳ ದುಷ್ಪರಿಣಾಮಗಳನ್ನು ಗಮನಿಸುವ ರಾಷ್ಟ್ರೀಯ ಕಾರ್ಯಕ್ರಮವು ೨೦೧೫ರಲ್ಲಿ ಆರಂಭವಾಗಿದೆ. ಅದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯವರೆಗೆ ಇಳಿಯಬೇಕು. ಮೂರು, ಪರೀಕ್ಷೆಗೆ ಒಪ್ಪುವ ಹೆಂಗಸಿಗೆ ಅವಳ ಮಾತಿನಲ್ಲಿಯೇ, ಬೀದರ ಸೀಮೆಯ ಆಡುನುಡಿಯಲ್ಲಿಯೇ, ಲಾಭವನ್ನೂ ಅಪಾಯವನ್ನೂ ತಿಳಿಯಹೇಳಬೇಕು. ಹೆಬ್ಬೆಟ್ಟಿನ ಗುರುತು ಒಪ್ಪಿಗೆಯಲ್ಲ. ತಿಳಿದು ಹೇಳಿದ ‘ಹೂಂ’ ಮಾತ್ರ ಒಪ್ಪಿಗೆ.

ರಾಜೇಶ್ವರಕ್ಕೆ ಸಮೀಪದ ಬಸವಕಲ್ಯಾಣದಲ್ಲಿ, ೧೨ನೆಯ ಶತಮಾನದಲ್ಲಿ, ಹೆಂಗಸರೂ ಕುಳಿತು ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿಯೇ ಹೇಳಿದರು. ಆ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯು ತನ್ನ ನೂಲಿನಲ್ಲಿ ತಾನೇ ಸಿಕ್ಕಿಬೀಳುವ ಹುಳುವನ್ನು ದೃಷ್ಟಾಂತವಾಗಿ ತಂದಳು. ಎಂಟುನೂರು ವರ್ಷಗಳ ಮೇಲೆ ಅದೇ ನೆಲದ ಹೆಂಗಸು ತನ್ನ ಒಡಲಿನ ನೋವನ್ನು ಹೇಳಲಾರದೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಾಳೆ. ಅವಳು ಮೊದಲು ಮಾತನಾಡುವಂತಾಗಬೇಕು. ಕೇಳುವ ಕಿವಿ ಇರಬೇಕು. ನಮ್ಮ ವಾಚಕರಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಕೆಲವರು ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಕಲಿತು ಪ್ರಯೋಗಶಾಲೆಗಳಿಗೆ ಹೋಗುವಿರಿ. ಜೇಡರ ನೂಲಿನ ಬಲವನ್ನು ಯಂತ್ರದಲ್ಲಿ ಅಳೆಯುವಾಗ, ಆ ನೂಲು ಕೊನೆಗೆ ಹೊರಬೇಕಾದ ಭಾರವು ನೀರಿನ ಕೊಡ ಹೊತ್ತ ತಾಯಿಯದೆಂಬುದನ್ನು ಮರೆಯದಿರಿ.